ಆಖರಿ ಪುಟ ಎದುರಿಗೆ ಕೂತವರದು

ಉದಗೀರ
5 ಅಕ್ಟೋಬರ್ 1925

ಪ್ರೀತಿಯ ಅಕ್ಕಾ,

ಕಾಲಿಗೆ ಬಿದ್ದೆ ಎಂದು ತಿಳಿದುಕೋ, ಬಗ್ಗಲು ಪುರುಸೊತ್ತಿಲ್ಲ. ಹೈದರಾಬಾದಿನಿಂದ ಪತ್ರಿಕೆ ಹೊರಡಿಸಲು ಇಜಾಜತು ಬಂತು! ಹದಿನಾಲ್ಕು ತಿಂಗಳು ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದವು, ಆದರೆ ಕೊನೆಗೂ ಕಾಗದಕ್ಕೆ ಮೊಹರು ಬಿತ್ತು. ಈ ಪತ್ರ ತಂದ ಗಾಡಿಯಲ್ಲೇ ಒಂದು ಕಟ್ಟು ಇದೆ, ಮೊದಲು ಅದನ್ನು ಬಿಚ್ಚು. ‘ಭುವನವಾರ್ತೆ’, ವಾರಕ್ಕೊಂದು, ನಾಲ್ಕು ಪುಟ. ನಿನ್ನ ತಮ್ಮನ ಪತ್ರಿಕೆ. ಮಸಿ ಇನ್ನೂ ಕೈಗೆ ಹತ್ತುತ್ತದೆ, ಹುಷಾರು.

ಐದು ವರ್ಷದ ಯೋಜನೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಮೊದಲ ವರ್ಷ ಜನ ನಮ್ಮ ಹೆಸರು ಕೇಳಬೇಕು. ಎರಡನೆಯ ವರ್ಷ ನಮ್ಮನ್ನು ಹುಡುಕಬೇಕು. ಐದನೆಯ ವರ್ಷ, ಪತ್ರಿಕೆ ಬಾರದ ದಿನ ಅವರಿಗೆ ಊಟ ರುಚಿಸಬಾರದು. ಅಚ್ಚಿನ ಮೊಳೆ ಜೋಡಿಸುವ ದಿಗಂಬರ ಅದನ್ನು ದಿನಾ ಬೆಳಿಗ್ಗೆ ಓದಿ ನಕ್ಕು ಕೆಲಸಕ್ಕೆ ಕೂರುತ್ತಾನೆ.

ಒಂದೇ ಚಿಂತೆ. ಅಚ್ಚಿನ ಯಂತ್ರ ಸೋಲಾಪುರದವರಿಂದ ಬಾಡಿಗೆಗೆ ತಂದದ್ದು. ಉಮರ್ಗಾದ ಹತ್ತಿ ಗಿರಣಿಯ ವೀರಭದ್ರಪ್ಪನವರು ಇಡೀ ವರ್ಷ ಜಾಹೀರಾತು ಕೊಟ್ಟರೆ ಯಂತ್ರ ಇಲ್ಲೇ ಉಳಿಯುತ್ತದೆ. ಅವರ ಷರತ್ತು, ಶಿವರಾತ್ರಿಯೊಳಗೆ ಇನ್ನೂರು ಚಂದಾದಾರರ ಸಹಿ ತೋರಿಸಬೇಕು. “ಹೆಬ್ಬೆಟ್ಟು ನಡ್ಯಂಗಿಲ್ಲ ನೋಡ್ರಿ. ಓದಾಕ ಬರದವಗ ನನ್ನ ಜಾಹೀರಾತು ಏನ್ ಮಾಡ್ತದ?” ಎಂದರು.

ಅವರಿಗಾಗಿಯೇ ಆಖರಿ ಪುಟ ಪೂರ್ತಿ ಖಾಲಿ ಬಿಟ್ಟಿದ್ದೇನೆ. ಮೂಲೆಯಲ್ಲಿ ‘ಈ ಸ್ಥಳ ಜಾಹೀರಾತಿಗೆ ಮೀಸಲು’ ಎಂಬ ಸಣ್ಣ ಸಾಲು ಬಿಟ್ಟರೆ ಬೆಳ್ಳಗಿದೆ. ಅದನ್ನು ನೋಡಿದ ವ್ಯಾಪಾರಿಗೆ ಅಲ್ಲಿ ತನ್ನ ಹೆಸರು ಇರಬೇಕಿತ್ತು ಅನ್ನಿಸಬೇಕು.

ಕಾಸಾರಶಿರಸಿಗೆ ನೀನೇ ನನ್ನ ಏಜಂಟ್. ನಿನಗೆ ಓದು ಬರುತ್ತದೆ, ನಿನ್ನ ಗಂಡನ ಮನೆಯ ಮುಂದೆಯೇ ಸಂತೆ ಕೂಡುತ್ತದೆ. ಇಲ್ಲ ಅನ್ನಬೇಡ.

ನಿನ್ನ
ಕಲ್ಯಾಣಪ್ಪ


ಕಾಸಾರಶಿರಸಿ
20 ಅಕ್ಟೋಬರ್ 1925

ತಮ್ಮಾ,

ದೀಪಾವಳಿಗೆ ಬರುತ್ತೀಯೆಂದು ಕರ್ಜೀಕಾಯಿ ಕರಿದಿಟ್ಟಿದ್ದೆ. ನೀನು ಬರಲಿಲ್ಲ, ನಿನ್ನ ಪತ್ರಿಕೆ ಬಂತು. ಕರ್ಜೀಕಾಯಿ ನಿನ್ನ ಮಾಮಾ ತಿಂದರು.

ಕಟ್ಟು ಬಿಚ್ಚಿ ಮೊದಲು ತಲೆಕೆಳಗಾಗಿ ಹಿಡಿದು ಓದಿದೆ. ನಗಬೇಡ. ನಿನಗೆ ಅಯ್ಯನೋರು ಅಕ್ಷರ ಕಲಿಸುವಾಗ ನಾನು ಅವರೆಕಾಳು ಸುಲಿಯುವ ನೆವದಲ್ಲಿ ಎದುರಿಗೆ ಕೂತು ಕಲಿತವಳಲ್ಲವೇ? ನನಗೆ ಅಕ್ಷರ ಮೊದಲು ಕಂಡದ್ದೇ ಹಾಗೆ. ಆಮೇಲೆ ನೆಟ್ಟಗೆ ಹಿಡಿದೆ. ನಿನ್ನ ಹೆಸರು ಅಚ್ಚಿನಲ್ಲಿ ನೋಡಿ ಕಣ್ಣು ತುಂಬಿತು. ಅತ್ತೆ ಚಂಪಾಬಾಯಿಯವರು “ಯಾಕ, ಉಳ್ಳಾಗಡ್ಡಿ ಹೆಚ್ಚಾಕತ್ತಿ ಏನು?” ಎಂದರು.

ನೀನು ಕಳಿಸಿದ ಹತ್ತು ಪ್ರತಿಯಲ್ಲಿ ಆರು ಮಾರಿಹೋದವು. ಸಂತೆಯ ಸಂಜೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಕ್ಕಿಂತ ಆಖರಿ ಪುಟ ಜನಕ್ಕೆ ಬಹಳ ಹಿಡಿಸಿದೆ. ಯಾಕೆಂದು ಮಾತ್ರ ಕೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ
ಲಲಿತಾ


ಉದಗೀರ
28 ಅಕ್ಟೋಬರ್ 1925

ಅಕ್ಕಾ, ಅಕ್ಕಾ,

ಆಖರಿ ಪುಟ! ನಿನ್ನ ಪತ್ರವನ್ನು ದಿಗಂಬರನಿಗೆ ಮೂರು ಸಲ ಓದಿ ಹೇಳಿದೆ. ಅವನು ಆ ಪುಟ ಬಿಡುವುದೇ ಹುಚ್ಚು ಎಂದಿದ್ದ. ಈಗ ನೋಡು, ಜನ ಜಾಹೀರಾತಿಗಾಗಿ ಕಾಯುತ್ತಿದ್ದಾರೆ! ನಾಳೆ ಇಲ್ಲಿ ಏನು ಬರುತ್ತದೋ ಎಂಬ ಕುತೂಹಲ ಹುಟ್ಟಿದೆ. ಕುದುರೆ ಬಾಡಿಗೆಗೆ ಹಿಡಿದು ಉಮರ್ಗಾಕ್ಕೆ ಹೋಗಿ ವೀರಭದ್ರಪ್ಪನವರಿಗೆ ಹೇಳಿಬಂದೆ. ಅವರು ತಲೆಯಾಡಿಸಿ “ಸಹಿ ತೋರಸ್ರಿ” ಎಂದರು, ಅಷ್ಟೇ.

ಇನ್ನು ಮೇಲೆ ವಾರಕ್ಕೆ ಅರವತ್ತು ಪ್ರತಿ ಕಳಿಸುತ್ತೇನೆ. ಯೋಜನೆಯನ್ನು ಹತ್ತು ವರ್ಷಕ್ಕೆ ಹಿಗ್ಗಿಸಿದ್ದೇನೆ, ಗೋಡೆಯ ಕಾಗದ ಸಾಲದೆ ಬಾಗಿಲಿಗೂ ಬಂದಿದೆ. ಮೂರನೆಯ ವರ್ಷ ವಾರಕ್ಕೆರಡು, ಆರನೆಯ ವರ್ಷ ನಿಲಂಗಾದಲ್ಲಿ ಶಾಖೆ. ಯುರೋಪಿನ ದೇಶಗಳ ಪರಿಷತ್ತಿನ ಮೇಲೆ ನಾನು ಬರೆಯುವ ಲೇಖನ ಮೂರು ಅಂಕಣವಿತ್ತಲ್ಲ, ಐದು ಮಾಡಿದ್ದೇನೆ. ಅದರ ಬಗ್ಗೆ ಜನ ಏನಂದರು, ಬರೆಯಲು ಮರೆತೆ ನೀನು.

ನಿದ್ದೆ ಬರುವುದಿಲ್ಲ ಅಕ್ಕಾ. ಸುಖಕ್ಕೇ ಇರಬೇಕು.

ಕಲ್ಯಾಣಪ್ಪ


ಕಾಸಾರಶಿರಸಿ
12 ನವೆಂಬರ್ 1925

ತಮ್ಮಾ,

ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಬೇಡ. ಅರವತ್ತು ಬೇಡ, ಇಪ್ಪತ್ತು ಸಾಕು. ಉಳಿದವು ಕೋಣೆಯಲ್ಲಿ ಕೂತು ಇಲಿಗಳಿಗೆ ಆಹಾರವಾಗುತ್ತಿವೆ.

ಅಂಗಳಕ್ಕೆ ಮಾತ್ರ ಈ ಸಂತೆಗೆ ಎಂಬತ್ತು ಜನ. ವಲಾಂಡಿಯಿಂದ, ತುರೋರಿಯಿಂದ ಸಂತೆಗೆ ಬಂದವರು ಸಂಜೆ ಗಾಡಿ ಕಟ್ಟುವುದನ್ನೇ ಬಿಟ್ಟು ಕೂತರು. ಪಕ್ಕದ ಮನೆಯ ಬಂಡಮ್ಮ ಚಾಪೆ ಹಾಸುವ ಕೆಲಸ ವಹಿಸಿಕೊಂಡಿದ್ದಾಳೆ. ಕುರಿ ಕಾಯುವ ಮುದುಕಿ ಬಾಳಮ್ಮ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲು ಹಿಡಿಯುತ್ತಾಳೆ. ಕುರಿ ನೋಡುವವರು ಯಾರು ಎಂದರೆ “ನಮ್ಮ ದೇವರು ಬೀರಪ್ಪ ನೋಡ್ತಾನ, ನೀ ನಿನ್ನ ಕೆಲಸ ನೋಡ” ಎನ್ನುತ್ತಾಳೆ.

ಸಹಿ ಒಂಬತ್ತಾಗಿವೆ. ಪರಿಷತ್ತಿನ ಲೇಖನ ಚೆನ್ನಾಗಿದೆ. ಸ್ವಲ್ಪ ಗಿಡ್ಡ ಮಾಡಿದರೆ ಇನ್ನೂ ಚೆನ್ನ.

ಲಲಿತಾ


ಉದಗೀರ
26 ನವೆಂಬರ್ 1925

ಅಕ್ಕಾ,

ಎಂಬತ್ತು ಜನ, ಒಂಬತ್ತು ಸಹಿ! ಎರಡು ವಾರ ಈ ಲೆಕ್ಕ ನನ್ನ ತಲೆ ತಿಂದಿತು. ನಿನ್ನೆ ದಿಗಂಬರ ವಲಾಂಡಿಯಿಂದ ಬಂದು ಒಗಟು ಬಿಡಿಸಿದ. ಅಲ್ಲಿಯ ಮಠದಲ್ಲಿ ರಾಚಯ್ಯ ಎಂಬವರು ಒಂದೇ ಒಂದು ಪ್ರತಿ ಹಿಡಿದು ಪುರಾಣದಂತೆ ಗಟ್ಟಿಯಾಗಿ ಓದುತ್ತಾರಂತೆ, ಐವತ್ತು ಮಂದಿ ಕೇಳಿ ಎದ್ದು ಹೋಗುತ್ತಾರಂತೆ. ಕೇಳಿದವನು ಕೊಳ್ಳುವುದೇಕೆ? ನನ್ನ ಚಂದಾದಾರರನ್ನು ತಿನ್ನುತ್ತಿರುವ ಹುಳು ಇದೇ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಸೂಚನೆ ಹಾಕಿಸಿದ್ದೇನೆ: ‘ಒಬ್ಬರು ಕೊಂಡ ಪತ್ರಿಕೆಯನ್ನು ಹತ್ತು ಮಂದಿಗೆ ಓದಿ ಹೇಳುವುದು, ಹಾಗೆ ಓದಿದ್ದನ್ನು ಕೇಳುವುದು, ಎರಡೂ ಕಳವಿಗೆ ಸಮಾನ.’ ಕಟುವಾಯಿತು, ಗೊತ್ತು. ಶಿವರಾತ್ರಿ ನನಗಾಗಿ ಕಾಯುವುದಿಲ್ಲ.

ನಿಮ್ಮ ಊರಲ್ಲೂ ಯಾರೋ ಇದೇ ಕೆಲಸ ಮಾಡುತ್ತಿರಬೇಕು. ಯಾರೆಂದು ತಿಳಿದರೆ ಬರೆ. ಅಂಥವರನ್ನು ಅಂಗಳಕ್ಕೆ ಬಿಟ್ಟುಕೊಳ್ಳಬೇಡ.

ಕಲ್ಯಾಣಪ್ಪ


ಕಾಸಾರಶಿರಸಿ
18 ಡಿಸೆಂಬರ್ 1925

ಕಲ್ಯಾಣಪ್ಪನಿಗೆ,

ನಿನ್ನ ಸೂಚನೆ ಜನಕ್ಕೆ ಮುಟ್ಟಿತು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಈ ಸಲ ಕಾಳು ಸೊಪ್ಪಿನ ಭಜ್ಜಿ ಬಹಳ ಉಳಿಯಿತು. ಬಾಳಮ್ಮ ನಮ್ಮ ಬದುವಿನ ಪಕ್ಕದಲ್ಲೇ ಕುರಿ ಹೊಡೆದುಕೊಂಡು ಹೋದಳು. ಕರೆದೆ, ನಿಲ್ಲಲಿಲ್ಲ.

ಪತ್ರಿಕೆ ಐದು ಕಳಿಸಿದರೆ ಸಾಕು.

ಲಲಿತಾ


ಉದಗೀರ
8 ಜನವರಿ 1926

ಅಕ್ಕಾ,

ನಿನಗೇನಾಗಿದೆ? ನಾಲ್ಕು ಸಾಲು ಬರೆದು ಸುಮ್ಮನಾದೆ. ಮಾಮಾ ಏನಾದರೂ ಅಂದರೇ? ಮೈಯಲ್ಲಿ ಹುಷಾರಿಲ್ಲವೇ?

ಇಲ್ಲಿ ಎಲ್ಲ ಮಗುಚಿಬೀಳುತ್ತಿದೆ. ಸೂಚನೆ ಬಂದ ವಾರದಿಂದ ಚಂದಾ ಏರುವುದೇ ನಿಂತಂತಿದೆ. ವಲಾಂಡಿಯ ಕಟ್ಟು ಬಿಚ್ಚದೆಯೇ ತಿರುಗಿ ಬಂತು. ಎಂಬತ್ತೊಂದು ಸಹಿ ಇವೆ, ಶಿವರಾತ್ರಿಗೆ ಐದು ವಾರವೂ ಉಳಿದಿಲ್ಲ. ಗಾಡಿಯ ಮೇಲೆ ತುತ್ತೂರಿ ಊದಿಸಲೇ? ಚಂದಾದಾರರಿಗೆ ಪಂಚಾಂಗ ಕೊಡಲೇ? ಪತ್ರಿಕೆಯ ಹೆಸರು ಬದಲಿಸಲೇ? ಬೆಳಿಗ್ಗೆ ಮಾಡಿದ ಯೋಜನೆಯನ್ನು ಮಧ್ಯಾಹ್ನ ಹರಿಯುತ್ತೇನೆ. ದಿಗಂಬರ ಗೋಡೆ ನೋಡಿ ಈಗ ನಗುವುದಿಲ್ಲ, ಅದೇ ನನಗೆ ಹೆದರಿಕೆ.

ಬೈದಾದರೂ ಬರೆ.

ಕಲ್ಯಾಣಪ್ಪ


ಉದಗೀರ
21 ಜನವರಿ 1926

ಲಲಿತಕ್ಕನಿಗೆ,

ನೀನು ಬರೆಯದಿದ್ದರೇನು, ನಿನ್ನ ಸುದ್ದಿ ಎರಡು ದಿನ ನಡೆದು ನನ್ನ ಬಾಗಿಲಿಗೇ ಬಂತು.

ಹೆಗಲಿಗೆ ಹೊಸ ಕಂಬಳಿ ಹಾಕಿಕೊಂಡ ಕುರುಬನೊಬ್ಬ ಬಂದು ನಿಂತ. “ತುರೋರಿ ಬಕ್ಕಪ್ಪ ಅಂತಾರ್ರೀ ನನಗ. ಅಖಬಾರದ ಧಣೇರು ನೀವೇ ಏನ್ರೀ? ನಿಮ್ಮ ಅಖಬಾರದಾಗ ಕುರಿ ಗೊರಸಿನ ಹುಣ್ಣಿನ ಸುದ್ದಿ ಬಂದಿತ್ತಲ್ರೀ, ಹಸೀ ನೆಲ ಬಿಡಸ್ರಿ, ಬೇವಿನೆಣ್ಣಿ ಹಚ್ಚರಿ ಅಂತ. ನನ್ನವು ನಲವತ್ತು ಕುರಿ ಉಳದಾವ” ಎಂದು ಕಂಬಳಿ ತೆಗೆದು ನನಗೆ ಹೊದಿಸಿದ.

ನಾನು ಕುರಿಯ ಗೊರಸಿನ ಬಗ್ಗೆ ಒಂದಕ್ಷರ ಬರೆದವನಲ್ಲ. ಎಲ್ಲ ಸಂಚಿಕೆ ಮುಂದಿಟ್ಟು ಯಾವ ಪುಟ ತೋರಿಸು ಎಂದೆ. “ಆಖರಿ ಪುಟ ರೀ. ಕಾಸಾರಶಿರಸಿ ಲಲಿತಾಬಾಯಿ ಅಕ್ಕಾರು ಅಖಬಾರ ಹಿಡಕೊಂಡಾಗ ನಮ್ಮ ಕಡಿ ಇರ್ತದಲ್ರೀ, ಬೆಳ್ಳಂದು, ಅದೇ” ಎಂದ. ಮೊದಲ ಪುಟದಲ್ಲಿ ಏನಿತ್ತು, ನೆನಪಿದೆಯೇ ಎಂದೆ. “ಅದನ್ನ ಅಕ್ಕಾರು ಲಗೂ ಲಗೂ ಓದಿ ಮುಗಸ್ತಾರ್ರೀ” ಎಂದ.

ಹಾಗಾದರೆ ನಾನು ಹುಡುಕುತ್ತಿದ್ದ ಕಳ್ಳ ನೀನೇ. ಓದಿದ್ದಷ್ಟೇ ಅಲ್ಲ, ಇಲ್ಲದ್ದನ್ನೂ ಓದಿದೆ. ಪ್ರತಿ ಸಂಚಿಕೆಯ ಒಂದು ಪ್ರತಿ ಸರಕಾರಿ ಕಚೇರಿಗೆ ಹೋಗುತ್ತದೆ, ಗೊತ್ತೇ ನಿನಗೆ? ಅದರಲ್ಲಿ ಇಲ್ಲದ ಮಾತು ಪತ್ರಿಕೆಯ ಹೆಸರಲ್ಲಿ ಊರೂರು ತಿರುಗುತ್ತಿದೆ ಎಂದು ಅವರ ಕಿವಿಗೆ ಬಿದ್ದರೆ ಇಜಾಜತೇ ಹೋಗುತ್ತದೆ. ಹದಿನಾಲ್ಕು ತಿಂಗಳು ಅಕ್ಕಾ! ಬೇರೆ ಯಾರಾದರೂ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನಾನು ಬರೆದದ್ದರಲ್ಲಿ ಒಂದು ಸಾಲೂ ಆ ಮನುಷ್ಯನಿಗೆ ನೆನಪಿಲ್ಲ. ಅದು ಎಷ್ಟು ನೋಯುತ್ತದೆ ಎಂದು ನಿನಗೆ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

ಕಲ್ಯಾಣಪ್ಪ


ಕಾಸಾರಶಿರಸಿ
29 ಜನವರಿ 1926

ಕಲ್ಯಾಣಪ್ಪನಿಗೆ,

ಹೌದು, ನಾನೇ. ಈಗ ಸಮಾಧಾನವಾಗಿ ಕೂತು ಓದು, ಎದ್ದು ಓಡಾಡಬೇಡ.

ಮೊದಲ ಸಂತೆಯ ಸಂಜೆ ಬಂಡಮ್ಮ ಬಂದು “ನಿನ್ನ ತಮ್ಮ ಏನ್ ಬರದಾನ, ಓದಿ ಹೇಳವ್ವ” ಎಂದಳು. ನಾನು ಹೊಸ್ತಿಲ ಮೇಲೆ ಕೂತೆ, ಅತ್ತೆ ಪಕ್ಕದಲ್ಲಿ ಕೂತರು, ಜನ ಅಂಗಳದಲ್ಲಿ ಕೂತರು. ನಿನ್ನ ಪರಿಷತ್ತನ್ನು ಒಂದಕ್ಷರ ಬಿಡದೆ ಓದಿದೆ. ಅತ್ತೆ ಗೊರಕೆ ಹೊಡೆದರು. ಓದಿ ಮುಗಿಸಿ ಮಡಿಸಬೇಕು, ಅಷ್ಟರಲ್ಲಿ ಬಾಳಮ್ಮ ಎದುರಿಗಿದ್ದ ಪುಟಕ್ಕೆ ಬೆರಳು ತೋರಿಸಿ “ಈ ಪುಟದಾಗ ಏನದ? ಇದು ಓದಲೇ ಇಲ್ಲಲ್ಲ” ಎಂದಳು.

ಅಲ್ಲಿ ಏನೂ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ತಮ್ಮ ಅಷ್ಟು ಕಷ್ಟಪಟ್ಟು ತಂದ ಪತ್ರಿಕೆಯಲ್ಲಿ ಏನೂ ಇಲ್ಲದ ಪುಟ ಒಂದಿದೆ ಎಂದು ಹೇಗೆ ಹೇಳಲಿ? ನಾಚಿಕೆಯಾಯಿತು. ನನ್ನ ಕಡೆಗೆ ತಿರುಗಿಸಿಕೊಂಡು, ಬಾಯಿಗೆ ಬಂದದ್ದನ್ನು ಓದಿದೆ. ಯಾರ ಬಾವಿಯ ನೀರು ಸವಳಾಗಿದೆ, ನಿಲಂಗಾದ ದಾರಿಯಲ್ಲಿ ಯಾವ ಹಳ್ಳ ದಾಟುವಾಗ ಎಚ್ಚರ, ಯಾರ ಎತ್ತು ತಪ್ಪಿಸಿಕೊಂಡಿದೆ. ಎಲ್ಲ ನಿಜವಾದದ್ದೇ, ನಾಲ್ಕು ಜನರನ್ನು ಕೇಳಿ ತಿಳಿದದ್ದೇ. ಗೊರಸಿನ ಮದ್ದು ಬಾಳಮ್ಮನದು. ಬೆಳಿಗ್ಗೆ ಅವಳು ನನಗೆ ಹೇಳಿದ್ದನ್ನು ಸಂಜೆ ನಾನು ಓದಿದೆ. ತನ್ನ ಮಾತು ಅಖಬಾರದಲ್ಲಿ ಬಂತೆಂದು ಆಕೆ ಎರಡು ದಿನ ಯಾರೊಡನೆಯೂ ಜಗಳವಾಡಲಿಲ್ಲ.

ನಿನ್ನ ಸೂಚನೆಯನ್ನೂ ನಾನೇ ಓದಿದೆ. ಬಿಟ್ಟುಬಿಡಬಹುದಿತ್ತು. ಆದರೆ ನಿನ್ನ ಮೂರು ಪುಟದಲ್ಲಿ ಒಂದು ಸಾಲನ್ನೂ ನಾನು ಎಂದೂ ಬಿಟ್ಟವಳಲ್ಲ, ಅದೊಂದನ್ನು ಬಿಡಲೇ? ಓದಿದೆ. ಬಾಳಮ್ಮ ಎದ್ದು ಸೆರಗು ಝಾಡಿಸಿ “ನಮಗ ಗೊತ್ತಿದ್ದಿಲ್ಲವ್ವ. ಹಿಂಗ ಕಳವು ಆಗ್ತದಂತ ಗೊತ್ತಿದ್ದರ ಕೂಡತಿದ್ದಿಲ್ಲ” ಎಂದಳು. ಆಕೆಯ ಹಿಂದೆ ಎಲ್ಲರೂ ಎದ್ದರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಜೋಳ. ಇಷ್ಟು ದಿನ ಕೇಳಿದ್ದಕ್ಕೆ ಬದಲಾಗಿ ಒಬ್ಬೊಬ್ಬರು ಒಂದೊಂದು ಬೊಗಸೆ ಸುರಿದು ಹೋಗಿದ್ದರು. ಅದನ್ನು ಗಡಿಗೆಯಲ್ಲಿ ತುಂಬಿಟ್ಟಿದ್ದೇನೆ. ಬೀಸಲು ಮನಸ್ಸಾಗಿಲ್ಲ.

ನಿನಗೆ ನೋವಾಯಿತು ಎಂದೆ. ನನಗೂ ಆಯಿತು, ತಮ್ಮಾ. ನಿನ್ನ ಮೇಲೆ ಬಹಳ ಸಿಟ್ಟು ಬಂದಿದೆ. ಆದರೂ ಕೇಳುತ್ತೇನೆ, ಇವತ್ತು ಎಷ್ಟು ಸಹಿ ಆದವು?

ಲಲಿತಾ


ಉದಗೀರ
15 ಫೆಬ್ರವರಿ 1926

ಅಕ್ಕಾ,

ತೊಂಬತ್ನಾಲ್ಕು.

ಶಿವರಾತ್ರಿಯ ಮರುದಿನ ವೀರಭದ್ರಪ್ಪನವರು ಕೈಮುಗಿದು ಕಳಿಸಿದರು. ನಿನ್ನೆ ಯಂತ್ರವನ್ನು ಗಾಡಿಗೆ ಹೇರಿ ಸೋಲಾಪುರದ ದಾರಿ ಹಿಡಿಸಿದೆವು. ದಿಗಂಬರ ಊರ ಹೊರಗಿನವರೆಗೂ ಅದರ ಜೊತೆ ನಡೆದು ಹೋದ. ನಾನು ಒಳಗೆ ಕೂತು ಅತ್ತುಬಿಟ್ಟೆ. ನಿನಗಲ್ಲದೆ ಯಾರಿಗೆ ಹೇಳಲಿ?

ಆದರೆ ಬರೆಯುತ್ತಿರುವುದು ಅದಕ್ಕಲ್ಲ. ನಿನ್ನ ಪತ್ರ ಓದಿದ ದಿನ ನಾನು ದಿಗಂಬರನ ಕೈಗೆ ಪತ್ರಿಕೆ ಕೊಟ್ಟು, ಗಟ್ಟಿಯಾಗಿ ಓದು ಎಂದು ಎದುರಿಗೆ ನೆಲದ ಮೇಲೆ ಕೂತೆ. ಅವನು ಓದಿದ. ಅಷ್ಟು ಹೊತ್ತೂ ನನಗೆ ಕಂಡದ್ದು ಬಿಳೀ ಕಾಗದ, ಅದರ ಮೇಲೆ ದಿಗಂಬರನ ಬೆರಳುಗಳು. ಅಕ್ಕಾ, ಹಿಡಿದವನಿಗೆ ಮೊದಲ ಪುಟ, ಎದುರಿಗೆ ಕೂತವರಿಗೆ ಆಖರಿ ಪುಟ. ನಾನು ಅದನ್ನು ವೀರಭದ್ರಪ್ಪನಿಗೆ ಇಟ್ಟಿದ್ದೆ. ನೀನು ನನ್ನ ಎದುರಿಗೆ ಕೂತು ಅಕ್ಷರ ಕಲಿತೆ. ನಿನ್ನ ಎದುರಿಗೆ ಕೂತವರಿಗೆ ನಾನು ಇಷ್ಟು ದಿನ ಖಾಲಿ ಕಾಗದ ಹಿಡಿದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಇಲ್ಲಿಯ ಮಠದಲ್ಲಿ ಒಂದು ಹಳೆಯ ಅಚ್ಚಿನ ಕೈಯಂತ್ರ ಧೂಳು ತಿನ್ನುತ್ತಿತ್ತು. ಸ್ವಾಮಿಗಳು ಕೊಟ್ಟಿದ್ದಾರೆ. ವಾರಕ್ಕೆ ನೂರು ಪ್ರತಿ ತೆಗೆದರೆ ತೋಳು ಬೀಳುತ್ತದೆ, ಆದರೂ ತೆಗೆಯುತ್ತೇವೆ. ಬಡಿಗ ವಿಶ್ವನಾಥಪ್ಪನಿಂದ ಗೇಣುದ್ದದ ಮರದ ಅಕ್ಷರ ಕೆತ್ತಿಸುತ್ತಿದ್ದೇನೆ. ವಾರಕ್ಕೊಂದು ಅಕ್ಷರ ಆಖರಿ ಪುಟದಲ್ಲಿ, ಅಂಗಳದ ಕೊನೆಯ ಸಾಲಿಗೂ ಕಾಣುವಷ್ಟು ದೊಡ್ಡದು. ಅದರ ಕೆಳಗೆ ನೀನು ಬರೆದು ಕಳಿಸುವ ಸುದ್ದಿ, ಬಾವಿ, ಹಳ್ಳ, ಎತ್ತು, ಕುರಿ, ಎಲ್ಲ ಅಚ್ಚಿನಲ್ಲಿ. ಕಚೇರಿಗೂ ಅದೇ ಪ್ರತಿ ಹೋಗುತ್ತದೆ. ಮೊದಲ ಪುಟದ ಸೂಚನೆ ಬದಲಾಗಿದೆ: ‘ಈ ಪತ್ರಿಕೆಯನ್ನು ಗಟ್ಟಿಯಾಗಿ ಓದಿರಿ. ಎಲ್ಲರೂ ಬಂದು ಕೇಳಿರಿ.’

ಗೋಡೆಯ ಕಾಗದ ಹರಿದುಹಾಕಿದೆ. ಓದುವವರನ್ನು ಹುಡುಕುತ್ತ ಅಲೆದೆ, ಈಗ ಒಬ್ಬೊಬ್ಬರನ್ನೇ ಓದುವವರನ್ನಾಗಿ ಮಾಡಿಕೊಳ್ಳಬೇಕು. ಎಷ್ಟು ವರ್ಷ ಹಿಡಿಯುತ್ತದೋ ಗೊತ್ತಿಲ್ಲ.

ಬಾಳಮ್ಮನ ಮನೆಗೆ ನೀನೇ ಹೋಗಿ ಕರೆ. ಕಲ್ಯಾಣಪ್ಪ ತಪ್ಪಾಯಿತು ಅಂದ ಎಂದು ಹೇಳು.

ನಿನ್ನ ತಮ್ಮ


ಕಾಸಾರಶಿರಸಿ
17 ನವೆಂಬರ್ 1926

ತಮ್ಮಾ,

ನಿನ್ನ ಎರಡು ಪತ್ರಕ್ಕೆ ಉತ್ತರ ಬಾಕಿ ಇದೆ. ಸುಗ್ಗಿ, ಬಾಣಂತನ, ಮಳೆ, ಎಲ್ಲವೂ ನನ್ನ ಮನೆಗೇ ಬಂದಿದ್ದವು. ಸುದ್ದಿ ಮಾತ್ರ ವಾರ ತಪ್ಪಿಸಿಲ್ಲ, ಅದಕ್ಕಾದರೂ ಹೊಗಳು.

ಫಾಲ್ಗುಣದಲ್ಲಿ ಜನ ತಿರುಗಿ ಅಂಗಳಕ್ಕೆ ಬಂದ ಸಂಜೆ ಆ ಗಡಿಗೆಯ ಜೋಳ ಬೀಸಿ ಎಲ್ಲರಿಗೂ ರೊಟ್ಟಿ ಬಡಿದೆ ಎಂದು ಬರೆದಿದ್ದೆನಲ್ಲ. ಆಗ ಬಂದವರು ಹದಿನೆಂಟು. ಈಗ ಚಾಪೆ ಸಾಲುತ್ತಿಲ್ಲ. ಪುಟ ಎತ್ತಿ ಹಿಡಿದ ಕೂಡಲೇ ಎಲ್ಲರೂ ಒಟ್ಟಿಗೆ ಅಕ್ಷರ ಕೂಗುತ್ತಾರೆ, ನಮ್ಮ ಎಮ್ಮೆ ಹೆದರಿ ಹಾಲು ಏರಿಸಿಕೊಳ್ಳುತ್ತದೆ. ನಿನ್ನ ಮಾಮಾ ಅದಕ್ಕೆ ನಿನ್ನನ್ನು ಬೈಯುತ್ತಾರೆ, ಆಮೇಲೆ ತಾವೂ ಕೂಗುತ್ತಾರೆ.

ಇದರ ಜೊತೆ ಇಪ್ಪತ್ಮೂರು ಸಹಿ ಕಳಿಸಿದ್ದೇನೆ. ಹೋದ ವರ್ಷ ಇವರೆಲ್ಲ ಹೆಬ್ಬೆಟ್ಟು. ಕೆಲವು ಸಹಿ ಏಡಿಯ ಹಾಗೆ ಅಡ್ಡಡ್ಡ ಹೋಗಿವೆ, ಆದರೆ ಸ್ವಂತದವು. ವೀರಭದ್ರಪ್ಪನವರಿಗೆ ತೋರಿಸಲು ಓಡಬೇಡ. ಅವರಿಗೆ ಬೇಕಾದರೆ ಅಂಗಳಕ್ಕೆ ಬಂದು ಕೂರಲಿ.

ಇನ್ನೊಂದು ಕಾಗದವೂ ಇದೆ. ಮೂರು ಸಂಜೆ ನನ್ನ ಹೊಸ್ತಿಲ ಮೇಲೆ ಕೂತು ಬರೆದದ್ದು. ನಾನು ಒಂದಕ್ಷರ ಮುಟ್ಟಿಲ್ಲ, ಮುಟ್ಟಲು ಆಕೆ ಬಿಡಲಿಲ್ಲ. ಓದಿ ಸಿಟ್ಟಾಗಬೇಡ. ಉಣ್ಣೆಯ ದರ ನಾನು ಕಳಿಸಿದ್ದಲ್ಲ, ನೀನು ಉದಗೀರದಲ್ಲಿ ಕೂತು ಬರೆದದ್ದು, ನೆನಪಿರಲಿ.

ಅಕ್ಕ


ಕಲ್ಯಾಣಪ್ಪಗ ಬಾಳಮ್ಮ ಬರದದ್ದು.

ಹ್ವಾದ ವಾರ ಆಖರಿ ಪುಟದಾಗ ಉಣ್ಣಿ ಭಾವ ತಪ್ಪ ಅದ. ಸಂತ್ಯಾಗ ನಾ ಇದ್ದ. ನೀ ಇದ್ದಿಲ್ಲ.

ಕೇಳಿ ಬರಿ. ನಾ ಓದತೀನಿ.